ದಾರಿ ತಪ್ಪಿದ ಕಿರಿಯರು ಮತ್ತು ವರ್ತಕ ಸಮುದಾಯದ ಹೊಣೆ

ಅಂಗಡಿಯ ಬೀಗ ಮುರಿದು ಕಳವಾದ ಮರುದಿನ ವರ್ತಕನು ಮಾಡುವ ಕೆಲಸಗಳು ಎಲ್ಲ ಊರುಗಳಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯವು. ಠಾಣೆಗೆ ದೂರು ಕೊಡುವುದು, ದಾಸ್ತಾನು ಪುಸ್ತಕ ನೋಡಿ ಹೋದ ಮಾಲಿನ ಪಟ್ಟಿ ಮಾಡುವುದು, ಹೊಸ ಬೀಗ, ಇನ್ನೊಂದು ಕ್ಯಾಮೆರಾ, ರಾತ್ರಿ ಕಾವಲಿಗೆ ಇನ್ನೊಬ್ಬ ಆಳು. ಕಳ್ಳ ಸಿಕ್ಕಿದನೆಂಬ ಸುದ್ದಿ ಬಂದರೂ ತೊಂದರೆ ಮುಗಿಯುವುದಿಲ್ಲ. ವಶಪಡಿಸಿಕೊಂಡ ಮಾಲು ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೈಗೆ ಬಾರದು. ಸಾಕ್ಷಿ ನುಡಿಯಲು ವ್ಯಾಪಾರ ಬಿಟ್ಟು ಅಲೆಯಬೇಕು. ಸಿಕ್ಕವನು ಹದಿನಾರು ಹದಿನೇಳರ ಹುಡುಗನಾಗಿದ್ದರೆ ಬೀದಿಯವರೆಲ್ಲ ಸೇರಿ ಕಾಲ ಕೆಟ್ಟಿತೆಂದು ನೊಂದುಕೊಳ್ಳುವುದೂ ಉಂಟು. ಕೆಲವು ತಿಂಗಳುಗಳ ಬಳಿಕ ಆ ಹುಡುಗನು ಅದೇ ಊರಿಗೆ, ಅನೇಕ ಸಲ ಅದೇ ಬೀದಿಗೆ ಮರಳುತ್ತಾನೆ. ಮರಳಿದವನು ಬೆಳಗಾದರೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ವರ್ತಕರ ಸಭೆಗಳ ಕಾರ್ಯಸೂಚಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಅಂಕಿಅಂಶಗಳ ಪ್ರಕಾರ 2022ರಲ್ಲಿ ದೇಶದಾದ್ಯಂತ ಹದಿನೆಂಟು ತುಂಬದವರ ಮೇಲೆ ದಾಖಲಾದ ಪ್ರಕರಣಗಳು 30,555. ಹಿಡಿಯಲ್ಪಟ್ಟವರಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಹದಿನಾರರಿಂದ ಹದಿನೆಂಟರೊಳಗಿನವರು. ದೇಶದ ಜನಸಂಖ್ಯೆಗೆ ಹೋಲಿಸಿದರೆ ಈ ಸಂಖ್ಯೆ ದೊಡ್ಡದಲ್ಲ. ಇಲ್ಲಿ ಗಮನಿಸಬೇಕಾದುದು ವಯಸ್ಸು. ಲೇತಿನ ಮುಂದೆ ನಿಂತು ಅಳತೆ ಕಲಿಯುವ, ಗ್ಯಾರೇಜಿನಲ್ಲಿ ಸ್ಪ್ಯಾನರಿನ ನಂಬರು ಗುರುತಿಸುವ, ಮಂಡಿಯಲ್ಲಿ ತೂಕದ ಚೀಟಿ ಬರೆಯುವ ವಯಸ್ಸೂ ಅದೇ. ಆ ಎರಡು ಮೂರು ವರ್ಷಗಳಲ್ಲಿ ಕೈಗೆ ಹತ್ತಿದ ಕಸುಬು ಮನುಷ್ಯನೊಂದಿಗೆ ಬಹುಕಾಲ ಉಳಿಯುತ್ತದೆ. ಕಳವಿನ ಕಸುಬೂ ಅದಕ್ಕೆ ಹೊರತಲ್ಲ.

ತಪ್ಪು ಮಾಡಿದವನನ್ನು ಸೆರೆಮನೆಗೆ ಕಳುಹಿಸದೆ, ಷರತ್ತು ವಿಧಿಸಿ ಸಮಾಜದಲ್ಲಿಯೇ ಇರಿಸಿ, ಒಬ್ಬರ ಕಣ್ಗಾವಲಿನಲ್ಲಿ ತಿದ್ದುವ ಪದ್ಧತಿಗೆ ಪರಿವೀಕ್ಷಣೆ ಎಂದು ಹೆಸರು. ಇಂದು ಬಹುತೇಕ ದೇಶಗಳ ಕಾನೂನಿನಲ್ಲಿ ಇದಕ್ಕೆ ಸ್ಥಾನವಿದೆ. ಇದನ್ನು ಆರಂಭಿಸಿದವರು ಬೂಟು ಹೊಲಿದು ಮಾರುತ್ತಿದ್ದ ಒಬ್ಬ ಅಂಗಡಿಕಾರರೆಂಬುದು ವರ್ತಕರಲ್ಲಿಯೇ ಹೆಚ್ಚಿನವರಿಗೆ ತಿಳಿಯದು. ಅಮೆರಿಕದ ಬಾಸ್ಟನ್ ನಗರದ ಜಾನ್ ಅಗಸ್ಟಸ್ ಅವರ ಅಂಗಡಿ ಅಲ್ಲಿಯ ಪೊಲೀಸ್ ನ್ಯಾಯಾಲಯಕ್ಕೆ ಸಮೀಪದಲ್ಲಿತ್ತು. 1841ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಕುಡುಕನೆಂದು ಹಿಡಿದು ತಂದಿದ್ದ ಬಡವನೊಬ್ಬನಿಗೆ ಅವರು ಜಾಮೀನಾಗಿ ನಿಂತರು. ಮೂರು ವಾರಗಳ ನಂತರ ಆ ಮನುಷ್ಯನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದಾಗ ಗುರುತು ಸಿಗದಷ್ಟು ಬದಲಾಗಿದ್ದನು. ವಿಧಿಸಿದ ದಂಡ ಒಂದು ಸೆಂಟು ಮತ್ತು ನ್ಯಾಯಾಲಯದ ವೆಚ್ಚ. ಅಲ್ಲಿಂದ ಮುಂದೆ ಅಗಸ್ಟಸ್ ಅವರು 1859ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸ ಬಿಡಲಿಲ್ಲ. ಅವರು ಜಾಮೀನು ನಿಂತವರ ಸಂಖ್ಯೆ 1,946ನ್ನು ಮುಟ್ಟಿತು. ಅವರು ಲೆಕ್ಕವಿಟ್ಟಿದ್ದ ಮೊದಲ 1,100 ಮಂದಿಯಲ್ಲಿ ಜಾಮೀನು ಮುರಿದವನು ಒಬ್ಬನೇ ಎಂದು ದಾಖಲೆಯಿದೆ.

ಕಿರಿಯರ ವಿಷಯದಲ್ಲಿ ಅವರು ಅನುಸರಿಸಿದ ಕ್ರಮ ವಿಶೇಷವಾಗಿ ಗಮನಾರ್ಹವಾದುದು. 1847ರಲ್ಲಿ ಏಳರಿಂದ ಹದಿನೈದು ವರ್ಷದೊಳಗಿನ ಹತ್ತೊಂಬತ್ತು ಹುಡುಗರಿಗೆ ಅವರು ಜಾಮೀನು ಕೊಟ್ಟರು. ಪ್ರಕರಣಗಳನ್ನು ತಿಂಗಳಿಂದ ತಿಂಗಳಿಗೆ ಮುಂದೂಡುವುದು, ಪ್ರತಿ ತಿಂಗಳೂ ಅಗಸ್ಟಸ್ ಅವರೇ ನ್ಯಾಯಾಲಯದಲ್ಲಿ ನಿಂತು ಒಬ್ಬೊಬ್ಬ ಹುಡುಗನ ನಡತೆಯ ಬಗ್ಗೆ ವರದಿ ಒಪ್ಪಿಸುವುದು ಎಂದು ಗೊತ್ತಾಯಿತು. ಐದಾರು ತಿಂಗಳಾದ ಮೇಲೆ ಅವರಲ್ಲಿ ಹನ್ನೆರಡು ಹುಡುಗರನ್ನು ಒಟ್ಟಿಗೆ ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದಾಗ ಅವರ ಮುಖಚರ್ಯೆಯೇ ಬೇರೆಯಾಗಿತ್ತು. ಇದಕ್ಕೆ ವಿರೋಧ ಬಾರದಿರಲಿಲ್ಲ. ಸೆರೆಮನೆಗೆ ಹೋಗುವ ಪ್ರತಿಯೊಬ್ಬ ಕೈದಿಯ ಮೇಲೆ ಶುಲ್ಕ ಪಡೆಯುತ್ತಿದ್ದ ನೌಕರರಿಗೆ ಈ ಬೂಟಿನ ವ್ಯಾಪಾರಿಯಿಂದ ವರಮಾನ ತಪ್ಪುತ್ತಿತ್ತು. ಸ್ವಂತ ಅಂಗಡಿಯ ಕೆಲಸವೂ ಹಿಂದೆ ಬಿದ್ದಿತು. ಹಿತೈಷಿಗಳ ದೇಣಿಗೆಯ ನೆರವಿಲ್ಲದೆ ಅದು ಮುಂದುವರಿಯುವಂತಿರಲಿಲ್ಲ. ಸಂಬಳದ ಪರಿವೀಕ್ಷಣಾಧಿಕಾರಿಯನ್ನು ನೇಮಿಸುವ ಕಾನೂನು ಆ ರಾಜ್ಯದಲ್ಲಿ ಜಾರಿಗೆ ಬಂದುದು ಅಗಸ್ಟಸ್ ಅವರು ತೀರಿಕೊಂಡು ಹತ್ತೊಂಬತ್ತು ವರ್ಷಗಳಾದ ಮೇಲೆ, 1878ರಲ್ಲಿ.

ಬಾಸ್ಟನ್ನಿನ ಈ ಪದ್ಧತಿಯ ತಿರುಳು ಭಾರತದ ಕಾನೂನಿನಲ್ಲಿಯೂ ಇದೆ. 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ 6ನೆಯ ಪ್ರಕರಣದಂತೆ, ಜೀವಾವಧಿ ಶಿಕ್ಷೆಯಷ್ಟು ಗಂಭೀರವಲ್ಲದ ತಪ್ಪು ಮಾಡಿದ ಇಪ್ಪತ್ತೊಂದು ತುಂಬದವನನ್ನು ಸೆರೆಮನೆಗೆ ಕಳುಹಿಸುವ ಮೊದಲು ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಕಳುಹಿಸಲೇಬೇಕಾದರೆ ಕಾರಣವನ್ನು ಬರೆದಿಡಬೇಕು. ಹದಿನೆಂಟು ತುಂಬದವರಿಗೆ ಅನ್ವಯಿಸುವುದು 2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲನ್ಯಾಯ ಅಧಿನಿಯಮ. ಇದರ ಪ್ರಕಾರ ಹುಡುಗನ ವಿಚಾರಣೆ ನಡೆಸುವುದು ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಬಾಲನ್ಯಾಯ ಮಂಡಳಿ. ಕಾರ್ಯಕರ್ತರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ತಪ್ಪು ಸಾಬೀತಾದಾಗ ಮಂಡಳಿಯ ಮುಂದೆ 18ನೆಯ ಪ್ರಕರಣವು ಹಲವು ದಾರಿಗಳನ್ನಿಡುತ್ತದೆ: ಬುದ್ಧಿವಾದ ಹೇಳಿ ಬಿಡುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ತಂದೆತಾಯಿಗಳ ಅಥವಾ ‘ಯೋಗ್ಯ ವ್ಯಕ್ತಿ’ಯೊಬ್ಬರ ಪಾಲನೆಯಲ್ಲಿ ಮೂರು ವರ್ಷ ಮೀರದ ಪರಿವೀಕ್ಷಣೆ. ವಿಶೇಷ ಗೃಹಕ್ಕೆ ಕಳುಹಿಸುವುದು ಆ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಶಾಲೆಗೆ ಹೋಗು, ಕಸುಬಿನ ತರಬೇತಿಗೆ ಹೋಗು, ಇಂಥ ಜಾಗಕ್ಕೆ ಕಾಲಿಡಬೇಡ ಎಂದು ಹೆಚ್ಚುವರಿ ಆದೇಶ ನೀಡುವ ಅಧಿಕಾರವೂ ಮಂಡಳಿಗೆ ಉಂಟು.

ಕಾನೂನು ಹೀಗೆ ಬಾಗಿಲು ತೆರೆದಿಟ್ಟಿದೆ. ಆ ಬಾಗಿಲಿನಿಂದ ಹೊರಬಂದ ಹುಡುಗನನ್ನು ಬರಮಾಡಿಕೊಳ್ಳಲು ಎದುರಿಗೆ ಯಾರೂ ನಿಂತಿಲ್ಲ. ಮಂಡಳಿ ‘ಕಸುಬಿನ ತರಬೇತಿಗೆ ಹೋಗು’ ಎಂದು ಬರೆಯಬಹುದು. ಗ್ಯಾರೇಜನ್ನಾಗಲಿ ಮುದ್ರಣಾಲಯವನ್ನಾಗಲಿ ಮಂಡಳಿ ನಡೆಸುವುದಿಲ್ಲ. ಪರಿವೀಕ್ಷಣಾಧಿಕಾರಿ ವರದಿ ಬರೆಯಬಹುದು. ಬೆಳಗ್ಗೆ ಒಂಬತ್ತಕ್ಕೆ ಹುಡುಗ ಕೆಲಸಕ್ಕೆ ಬಂದನೋ ಇಲ್ಲವೋ ಎಂಬುದನ್ನು ನೋಡುವ ಕಣ್ಣು ಅಂಗಡಿಯ ಯಜಮಾನನದು. ಸರ್ಕಾರವು ತನ್ನಿಂದಾಗದ ಒಂದು ಕೆಲಸಕ್ಕೆ ವರ್ತಕರ ನೆರವು ಬೇಡುವ ಸಂದರ್ಭಗಳು ತೆರಿಗೆ ವಸೂಲಿಯನ್ನು ಬಿಟ್ಟರೆ ಹೆಚ್ಚಿಲ್ಲ. ಇದು ಅಂಥ ಒಂದು ಸಂದರ್ಭ, ಬೇಡಿಕೆಯ ಪತ್ರ ಇನ್ನೂ ಬಂದಿಲ್ಲವಾದರೂ.

ಕೆಲಸದಿಂದ ಹುಡುಗ ತಿದ್ದಿಕೊಳ್ಳುವನೇ ಎಂಬ ಸಂದೇಹ ಸಹಜ. ಇದಕ್ಕೆ ಉತ್ತರವೂ ಬಾಸ್ಟನ್ನಿನಿಂದಲೇ ಬಂದಿರುವುದು ಕಾಕತಾಳೀಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಶೆಲ್ಡನ್ ಮತ್ತು ಎಲಿನರ್ ಗ್ಲೂಕ್ ದಂಪತಿಗಳು 1940ರ ಸುಮಾರಿಗೆ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರನ್ನೂ, ಅದೇ ಬಗೆಯ ಬಡಾವಣೆಗಳ ತಪ್ಪು ಮಾಡದ 500 ಹುಡುಗರನ್ನೂ ಆರಿಸಿಕೊಂಡು ಅವರು ಬೆಳೆದು ದೊಡ್ಡವರಾಗುವವರೆಗೆ ವಿವರ ಸಂಗ್ರಹಿಸಿದರು. ಆ ಕಾಗದಪತ್ರಗಳ ಪೆಟ್ಟಿಗೆಗಳು ಮುಂದೆ ಬಹುಕಾಲ ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬಿದ್ದಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಎಂಬ ಇಬ್ಬರು ಸಂಶೋಧಕರು ಅವುಗಳನ್ನು ಹೊರತೆಗೆದು ಮರಳಿ ಪರಿಶೀಲಿಸಿದರು; ಬದುಕಿದ್ದವರಲ್ಲಿ ಕೆಲವರನ್ನು ಎಪ್ಪತ್ತರ ಹರೆಯದಲ್ಲಿ ಹುಡುಕಿ ಮಾತನಾಡಿಸಿದರು. ಬಾಲ್ಯದಲ್ಲಿ ಒಂದೇ ಬಗೆಯ ತಪ್ಪು ಮಾಡಿದವರ ಬದುಕು ಮುಂದೆ ಬೇರೆ ಬೇರೆ ದಾರಿ ಹಿಡಿದಿತ್ತು. ದಾರಿ ಬದಲಾದ ಕಡೆಯಲ್ಲೆಲ್ಲ ಪುನಃಪುನಃ ಕಂಡುಬಂದವು ನೆಲೆಯಾದ ಉದ್ಯೋಗ, ಒಳ್ಳೆಯ ದಾಂಪತ್ಯ ಮತ್ತು ಸೈನ್ಯದ ಸೇವೆ. ಬಾಲ್ಯದಲ್ಲಿ ಹೆಚ್ಚು ಕಾಲ ಕೂಡಿಹಾಕಲ್ಪಟ್ಟವರಿಗೆ ಮುಂದೆ ಉದ್ಯೋಗದಲ್ಲಿ ನೆಲೆ ನಿಲ್ಲುವುದು ಕಷ್ಟವಾಯಿತು. ಆ ಮೂಲಕ ಅವರು ತಪ್ಪಿಗೆ ಮರಳುವ ಸಂಭವವೂ ಹೆಚ್ಚಿತು. ಸಂಬಳದ ಹಣವೊಂದೇ ಈ ಬದಲಾವಣೆಗೆ ಕಾರಣವೆಂದು ಸಂಶೋಧಕರು ಹೇಳಲಿಲ್ಲ. ದಿನಕ್ಕೊಂದು ಕ್ರಮ ಬಂದುದು, ಹಳೆಯ ಸಹವಾಸಕ್ಕೆ ಬಿಡುವು ತಪ್ಪಿದುದು, ಬಾರದಿದ್ದರೆ ಕೇಳುವ ಒಬ್ಬ ಹಿರಿಯನಿದ್ದುದು, ಕಳೆದುಕೊಳ್ಳಬಾರದೆನಿಸುವ ಒಂದು ಸ್ಥಾನ ದೊರೆತುದು, ಇವೆಲ್ಲ ಸೇರಿ ಕೆಲಸ ಮಾಡಿದ್ದವು.

ಇಷ್ಟು ಓದಿದೊಡನೆ ದಾರಿ ತಪ್ಪಿದ ಮಕ್ಕಳಿಗಾಗಿ ಒಂದು ಕೇಂದ್ರ ಕಟ್ಟಿಸೋಣ ಎಂಬ ಉತ್ಸಾಹ ಸಂಘಸಂಸ್ಥೆಗಳಲ್ಲಿ ಮೂಡುವುದು ನಿರೀಕ್ಷಿತವೇ. ನಿವೇಶನ, ಕಟ್ಟಡ, ದಾನಿಗಳ ಹೆಸರಿನ ಅಮೃತಶಿಲೆಯ ಫಲಕ, ಉದ್ಘಾಟನೆ ಎಂಬುದು ಪರಿಚಿತ ಜಾಡು. ಈ ಜಾಡಿನಲ್ಲಿ ಒಂದು ಗಂಡಾಂತರವಿದೆ. ಬಾಸ್ಟನ್ನಿಗೆ ಅಂಟಿಕೊಂಡಿರುವ ಕೇಂಬ್ರಿಡ್ಜ್ ಮತ್ತು ಸೋಮರ್‌ವಿಲ್ ಪಟ್ಟಣಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರ ಪ್ರೇರಣೆಯಿಂದ 1939ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. 506 ಹುಡುಗರನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ನಾಣ್ಯ ಚಿಮ್ಮಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ನೆರವು ಕೊಡಲಾಯಿತು. ಮಾರ್ಗದರ್ಶಕರು ತಿಂಗಳಿಗೆ ಸರಾಸರಿ ಎರಡು ಸಲ ಮನೆಗೆ ಹೋಗುತ್ತಿದ್ದರು. ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲವೂ ಇದ್ದವು. ಸುಮಾರು ಐದು ವರ್ಷ ನಡೆದ ಈ ಕೆಲಸದ ಫಲವನ್ನು ಜೋನ್ ಮೆಕಾರ್ಡ್ ಎಂಬ ವಿದುಷಿ ಮೂವತ್ತು ವರ್ಷಗಳ ಬಳಿಕ ಅಳೆದು 1978ರಲ್ಲಿ ಪ್ರಕಟಿಸಿದರು. ನೆರವು ಪಡೆದವರಲ್ಲಿ ಅನೇಕರು ತಮಗೆ ಉಪಕಾರವಾಯಿತೆಂದೇ ನಂಬಿದ್ದರು. ಅಂಕಿಅಂಶಗಳು ಬೇರೆ ಹೇಳಿದವು. ಮತ್ತೆ ಮತ್ತೆ ತಪ್ಪು ಮಾಡಿದವರು, ಕುಡಿತಕ್ಕೆ ಬಿದ್ದವರು, ಬೇಗ ಸತ್ತವರು ನೆರವು ಪಡೆದವರಲ್ಲಿಯೇ ಹೆಚ್ಚಾಗಿದ್ದರು. ಹೀಗೇಕಾಯಿತೆಂದು ಮುಂದೆ ನಡೆದ ವಿಶ್ಲೇಷಣೆಯಲ್ಲಿ, ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಿಬಂದ ಹುಡುಗರಲ್ಲಿಯೇ ಕೇಡು ಮುಖ್ಯವಾಗಿ ಕಂಡಿತು. ದಾರಿ ತಪ್ಪುವ ಒಲವುಳ್ಳ ಹುಡುಗರನ್ನು ಒಂದೆಡೆ ಗುಂಪುಗೂಡಿಸಿದರೆ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಹತ್ತುತ್ತದೆ ಎಂಬುದು ಅದರ ವಿವರಣೆ.

ವಾಣಿಜ್ಯೋದ್ಯಮ ಸಂಸ್ಥೆಗಳು ಈ ಒಂದು ಪಾಠವನ್ನು ಮರೆಯುವಂತಿಲ್ಲ. ಹತ್ತು ಹುಡುಗರಿಗೆ ಒಂದು ಕೇಂದ್ರ ಕಟ್ಟುವುದಕ್ಕಿಂತ ಹತ್ತು ಅಂಗಡಿಗಳಲ್ಲಿ ಒಬ್ಬೊಬ್ಬನನ್ನು ಇರಿಸುವುದು ಮೇಲು. ಈ ಶಕ್ತಿ ಸರ್ಕಾರಕ್ಕಾಗಲಿ ಸ್ವಯಂಸೇವಾ ಸಂಸ್ಥೆಗಳಿಗಾಗಲಿ ಇಲ್ಲ. ಊರಿನ ಉದ್ದಗಲಕ್ಕೂ ಹರಡಿರುವ ಅಂಗಡಿ, ಮಂಡಿ, ಕಾರ್ಯಾಗಾರಗಳ ಸದಸ್ಯಪಟ್ಟಿ ಇರುವುದು ವರ್ತಕರ ಸಂಘಗಳಲ್ಲಿ. ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹತ್ತು ಹದಿನೈದು ಮಂದಿ ಕೆಲಸ ಮಾಡುವ ಘಟಕಗಳಿಗೆ ಲೆಕ್ಕವಿಲ್ಲ. ಅಂಥ ಘಟಕದಲ್ಲಿ ಹಿರಿಯ ಮೇಸ್ತ್ರಿಗೆ ಪ್ರತಿಯೊಬ್ಬನ ಮನೆಯ ಸಂಗತಿಯೂ ಗೊತ್ತಿರುತ್ತದೆ. ಹುಡುಗನೊಬ್ಬ ಎರಡು ದಿನ ಬಾರದಿದ್ದರೆ ಕಾರಣ ಕೇಳುವವರು ಅಲ್ಲಿ ಇದ್ದೇ ಇರುತ್ತಾರೆ.

ಆದರೆ ಸದುದ್ದೇಶವೊಂದರಿಂದಲೇ ಕಾನೂನಿನ ಕಟ್ಟಳೆಗಳು ಸಡಿಲವಾಗುವುದಿಲ್ಲ. ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 2016ರಲ್ಲಿ ತಿದ್ದುಪಡಿಯಾದ 1986ರ ಬಾಲಕಾರ್ಮಿಕ ಅಧಿನಿಯಮದಂತೆ ಹದಿನಾಲ್ಕರಿಂದ ಹದಿನೆಂಟರ ಕಿಶೋರರನ್ನು ಗಣಿ, ಸ್ಫೋಟಕ, ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳು ಮತ್ತು ಅಪಾಯಕಾರಿ ಪ್ರಕ್ರಿಯೆಗಳಲ್ಲಿ ತೊಡಗಿಸುವುದು ಅಪರಾಧ; ಎರಕದ ಕೆಲಸವೂ ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿದೆ. ಉಳಿದ ಕೆಲಸಗಳಲ್ಲಿಯೂ ಬಿಡುವಿನ ವೇಳೆ ಸೇರಿ ದಿನಕ್ಕೆ ಆರು ಗಂಟೆಗಳನ್ನು ಮೀರಬಾರದು, ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ಕೆಲಸ ಮಾಡಿಸಬಾರದು, ಓವರ್‌ಟೈಮ್ ಕೂಡದು, ವಾರಕ್ಕೊಂದು ರಜೆ ಕೊಡಲೇಬೇಕು. ಕಿಶೋರನನ್ನು ಕಟ್ಟಿಹಾಕಿದಂತೆ ದುಡಿಸಿಕೊಳ್ಳುವುದು, ಅವನ ಕೂಲಿಯನ್ನು ತಡೆಹಿಡಿಯುವುದು ಬಾಲನ್ಯಾಯ ಅಧಿನಿಯಮದ 79ನೆಯ ಪ್ರಕರಣದಡಿ ಐದು ವರ್ಷಗಳವರೆಗೆ ಕಠಿಣ ಸಜೆಗೆ ಗುರಿಮಾಡುವ ತಪ್ಪು. ‘ಹೇಗೂ ಕೇಸಿನಲ್ಲಿರುವ ಹುಡುಗ, ಕಡಿಮೆ ಕೊಟ್ಟರೆ ಯಾರನ್ನು ಕೇಳಿಯಾನು’ ಎಂಬ ಲೆಕ್ಕಾಚಾರ ಹಾಕುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳಿತು.

ಹೆಚ್ಚು ನೇರವಾದ ದಾರಿ ಶಿಶಿಕ್ಷು, ಅಂದರೆ ಅಪ್ರೆಂಟಿಸ್ ಪದ್ಧತಿ. 1961ರ ಅಧಿನಿಯಮಕ್ಕೆ ಸಂಬಂಧಿಸಿದ ನಿಯಮಗಳು 2019ರಲ್ಲಿ ಬದಲಾದ ಮೇಲೆ ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. ನಾಲ್ಕರಿಂದ ಇಪ್ಪತ್ತೊಂಬತ್ತು ಮಂದಿಯ ಸಣ್ಣ ಘಟಕಗಳಿಗೆ ಅದು ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. ಕರಾರಿನ ಅವಧಿ, ಕಲಿಸಬೇಕಾದ ವಿಷಯ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಮೊದಲೇ ಗೊತ್ತಾಗಿರುವುದರಿಂದ ಯಜಮಾನನಿಗೂ ಹುಡುಗನಿಗೂ ಗೊಂದಲವಿಲ್ಲ. ಇದಕ್ಕಿಂತ ದೊಡ್ಡ ಪ್ರಯೋಜನವೆಂದರೆ, ಅಪ್ರೆಂಟಿಸ್ ಎಂಬ ಹೆಸರು ಎಲ್ಲ ಹುಡುಗರಿಗೂ ಒಂದೇ. ಜೊತೆಯಲ್ಲಿ ಕಲಿಯುವ ಐ.ಟಿ.ಐ. ಹುಡುಗನಿಗೆ ಇವನು ಎಲ್ಲಿಂದ ಬಂದನೆಂದು ತಿಳಿಯಬೇಕಾಗಿಲ್ಲ.

ಗುಟ್ಟು ಕಾಯುವ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಹುಡುಗನ ಹೆಸರು, ಶಾಲೆ, ಭಾವಚಿತ್ರವನ್ನು ಮಾಧ್ಯಮಗಳಲ್ಲಿ ಹೊರಗೆಡಹುವುದನ್ನು ಬಾಲನ್ಯಾಯ ಅಧಿನಿಯಮದ 74ನೆಯ ಪ್ರಕರಣ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ನಡತೆ ಪ್ರಮಾಣಪತ್ರ ಕೇಳಿದರೂ ಮುಗಿದ ಪ್ರಕರಣದ ದಾಖಲೆಯನ್ನು ಪೊಲೀಸರು ಬಹಿರಂಗಪಡಿಸುವಂತಿಲ್ಲ. ವಯಸ್ಕನೆಂದು ಪರಿಗಣಿಸಿ ವಿಚಾರಣೆ ನಡೆಸಿದ ಕೆಲವು ಘೋರ ಪ್ರಕರಣಗಳನ್ನು ಬಿಟ್ಟರೆ, ಬಾಲ್ಯದ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದೆಂದು 24ನೆಯ ಪ್ರಕರಣ ಹೇಳುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ, ಅಪ್ರಾಪ್ತನಾಗಿದ್ದಾಗ ದಾಖಲಾಗಿದ್ದ ಪ್ರಕರಣವನ್ನು ಮುಂದಿಟ್ಟುಕೊಂಡು ಯುವಕನೊಬ್ಬನಿಗೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಹುದ್ದೆ ನಿರಾಕರಿಸಿದುದನ್ನು ನ್ಯಾಯಾಲಯ ಒಪ್ಪಲಿಲ್ಲ. ದೊಡ್ಡ ದೊಡ್ಡ ಕಾರ್ಖಾನೆಗಳನ್ನು ಕಾಯುವ ಪಡೆಗೆ ಸಲ್ಲುವವನು ಕಿರಾಣಿ ಅಂಗಡಿಯ ಉಗ್ರಾಣಕ್ಕೆ ಸಲ್ಲದಿರಲು ಕಾರಣವಿಲ್ಲ. ಪರಿವೀಕ್ಷಣಾಧಿಕಾರಿಯ ಮೂಲಕ ಬಂದ ಹುಡುಗನ ಪೂರ್ವವೃತ್ತಾಂತ ಯಜಮಾನನಿಗೆ ಸ್ವಲ್ಪಮಟ್ಟಿಗಾದರೂ ತಿಳಿದಿರುತ್ತದೆ. ಅದು ಅವನಲ್ಲಿಯೇ ಉಳಿಯಬೇಕು. ಗುಮಾಸ್ತನ ಕಿವಿಗೆ ಬಿದ್ದ ದಿನವೇ ಆ ಹುಡುಗನ ಕೆಲಸ ಮುಗಿಯಿತೆಂದು ತಿಳಿಯಬೇಕು. ಮುಂದೆ ಅಂಗಡಿಯಲ್ಲಿ ಏನು ಕಾಣೆಯಾದರೂ, ಒಂದು ಟೇಪಿನ ಸುರುಳಿಯಾದರೂ, ಎಲ್ಲರ ಕಣ್ಣು ಅವನ ಮೇಲೆಯೇ.

ವರ್ತಕರು ಎತ್ತಬಹುದಾದ ಆಕ್ಷೇಪಗಳಲ್ಲಿ ಅತ್ಯಂತ ಭಾರವಾದುದು ನ್ಯಾಯದ ಪ್ರಶ್ನೆ. ಒಂದು ತಪ್ಪೂ ಮಾಡದ ಬಡವರ ಮಕ್ಕಳು ಕೆಲಸವಿಲ್ಲದೆ ಅಲೆಯುತ್ತಿರುವಾಗ ಕದ್ದವನಿಗೆ ಸ್ಥಾನ ಕೊಡುವುದು ಕಳವಿಗೆ ಬಹುಮಾನ ಕೊಟ್ಟಂತಾಗದೇ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. ಪ್ರತಿ ಸ್ಥಾನವನ್ನೂ ಇಂಥವರಿಗೇ ಮೀಸಲಿಡಿ ಎಂದು ಯಾರೂ ಕೇಳುತ್ತಿಲ್ಲ. ಇಪ್ಪತ್ತು ಹುಡುಗರನ್ನು ತೆಗೆದುಕೊಳ್ಳುವ ಕೈಗಾರಿಕಾ ಪ್ರದೇಶದಲ್ಲಿ ಒಬ್ಬನಿಗೆ ಬಾಗಿಲು ಮುಚ್ಚದಿದ್ದರೆ ಸಾಕು. ಸಾಮಾನ್ಯ ಬಡ ಹುಡುಗನಿಗೆ ಸೋದರಮಾವನೋ ಊರವನೋ ಒಬ್ಬ ಶಿಫಾರಸು ಮಾಡುವವನಿರುತ್ತಾನೆ. ವೀಕ್ಷಣಾಲಯದಿಂದ ಬಂದವನಿಗೆ ಮಾತು ಕೊಡುವವರು ಮಂಡಳಿ ಮತ್ತು ಪರಿವೀಕ್ಷಣಾಧಿಕಾರಿಯನ್ನು ಬಿಟ್ಟರೆ ಇನ್ನಾರೂ ಇಲ್ಲ. ಇದಲ್ಲದೆ ಕೆಲಸವಿಲ್ಲದ ಆ ಹುಡುಗನಿಂದ ಮುಂದೆ ನಷ್ಟವಾಗುವುದೂ ಇದೇ ಬೀದಿಯ ಅಂಗಡಿಗಳಿಗೆ.

ಮತ್ತೆ ಕದ್ದರೆ ಗತಿಯೇನು ಎಂಬುದು ಎರಡನೆಯ ಆಕ್ಷೇಪ. ಕೆಲವರು ಕದಿಯುತ್ತಾರೆ. ಇದನ್ನು ಮೊದಲೇ ಒಪ್ಪಿಕೊಂಡು ಹೊರಡುವುದು ಪ್ರಾಮಾಣಿಕತೆ. ಮೊದಲ ದಿನವೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ ನಂಬಿಕೆಯನ್ನು ಪರೀಕ್ಷಿಸುವುದು ಅವಿವೇಕ; ಹೊಸಬನಾದ ಯಾವ ಹುಡುಗನನ್ನೂ ಜಾಣ ವರ್ತಕನು ಅಲ್ಲಿ ಕೂರಿಸುವುದಿಲ್ಲ. ಮಾಲು ಇಳಿಸುವುದು, ಎಣಿಸುವುದು, ಜೋಡಿಸುವುದು, ಯಂತ್ರ ಒರೆಸುವುದು, ಅಳತೆ ಹಿಡಿಯುವುದು ಹೀಗೆ ಒಂದೊಂದಾಗಿ ಒಪ್ಪಿಸುತ್ತ ಹೋಗಬೇಕು. ಸಣ್ಣ ತಪ್ಪಾದಾಗ ಏಕಾಂತದಲ್ಲಿ ಕರೆದು ಕೇಳಿ, ಪರಿವೀಕ್ಷಣಾಧಿಕಾರಿಗೆ ತಿಳಿಸಿ, ನಷ್ಟವನ್ನು ತುಂಬಿಕೊಡುವ ಬಗೆ ಗೊತ್ತುಮಾಡಬೇಕು. ಗಿರಾಕಿಗಳ ಮುಂದೆ ಬೈಯುವ ಅಭ್ಯಾಸ ಅನೇಕ ಹಿರಿಯ ವರ್ತಕರಿಗಿದೆ. ಮನೆಯ ಹುಡುಗನಂತೆ ಕಂಡವರಿಗೂ ಅದನ್ನು ಬಿಡುವುದು ಕಷ್ಟ, ಆದರೆ ಈ ಹುಡುಗರ ಮಟ್ಟಿಗೆ ಬಿಡಲೇಬೇಕು. ಹಲ್ಲೆ, ಲೈಂಗಿಕ ಅಪರಾಧಗಳಂತಹ ಗಂಭೀರ ಪ್ರಕರಣಗಳ ಹುಡುಗರನ್ನು ಸಾಮಾನ್ಯ ಅಂಗಡಿಗೆ ಕಳುಹಿಸುವ ಪ್ರಶ್ನೆ ಬಂದಾಗ ಬೇಡವೆನ್ನುವ ಹಕ್ಕು ಯಜಮಾನನಿಗಿರಬೇಕು. ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಸುರಕ್ಷತೆಯೂ ಅವನ ಹೊಣೆಯೇ. ಆರಂಭಕ್ಕೆ ಕಳವಿನ ಸಣ್ಣ ಪ್ರಕರಣಗಳನ್ನಷ್ಟೇ ಆರಿಸಿಕೊಳ್ಳುವುದು ವಿವೇಕ.

ಹದಿನೆಂಟು ದಾಟಿದ ತರುಣರಿಗೆ ಸಂಬಂಧಿಸಿದಂತೆ ಒಂದು ಹೊಸ ಬೆಳವಣಿಗೆಯನ್ನು ವರ್ತಕರು ತಿಳಿದಿರುವುದು ಅಗತ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಕಳವಾದ ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಮರಳಿಸಿದರೆ, ಅವನಿಗೆ ಶಿಕ್ಷೆ ಸಮುದಾಯ ಸೇವೆ. ಅಂಗಡಿ ಕಳವುಗಳಲ್ಲಿ ಎಷ್ಟೋ ಈ ಮಿತಿಯೊಳಗೇ ಬರುತ್ತವೆ. ಸಮುದಾಯಕ್ಕೆ ಉಪಯುಕ್ತವಾದ, ಸಂಬಳವಿಲ್ಲದ ಕೆಲಸವೆಂದು ಕಾನೂನು ಇದನ್ನು ವಿವರಿಸಿರುವುದರಿಂದ ಖಾಸಗಿ ಅಂಗಡಿಯಲ್ಲಿ ಬಿಟ್ಟಿ ದುಡಿಸಿಕೊಳ್ಳಲು ಇಲ್ಲಿ ಅವಕಾಶವಿಲ್ಲ. ಅಂಥ ಆಸೆಯೂ ಸಲ್ಲದು. ಆ ಶಿಕ್ಷೆ ಮುಗಿದ ಮರುದಿನ ತರುಣನಿಗೆ ಸಂಬಳದ ಕೆಲಸವೊಂದನ್ನು ತೋರಿಸುವುದು ಮಾತ್ರ ವರ್ತಕರಿಗೆ ಸಾಧ್ಯ. ಇನ್ನು ಬಾಲಮಂದಿರ, ವಿಶೇಷ ಗೃಹಗಳಿಂದ ಹದಿನೆಂಟು ತುಂಬಿ ಹೊರಬಂದವರಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಗಳ ಅನುಪಾಲನಾ ನೆರವಿಗೆ ಅವಕಾಶವಿದೆ. ನಗರದಲ್ಲಿ ಒಂದು ಹಾಸಿಗೆಯ ಬಾಡಿಗೆ ಮತ್ತು ಎರಡು ಹೊತ್ತಿನ ಊಟಕ್ಕೆ ಆ ಹಣ ಎಷ್ಟು ದಿನ ಬಂದೀತೆಂಬುದು ವರ್ತಕರಿಗೆ ಹೇಳಬೇಕಾದ ಲೆಕ್ಕವಲ್ಲ.

ಸ್ವಂತ ಉದ್ಯೋಗದ ದಾರಿಯೂ ಇಲ್ಲದಿಲ್ಲ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಹಾಗೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ತರುಣರಿಗೆ ಉಚಿತ ತರಬೇತಿ ದೊರೆಯುತ್ತಿದೆ. ಒಂದೆರಡು ವರ್ಷ ಅಂಗಡಿಯಲ್ಲಿ ಪಳಗಿದ ಹುಡುಗನಿಗೆ ಮುಂದಿನ ಮೆಟ್ಟಿಲಾಗಿ ಅದು ಒದಗೀತು. ಪಳಗುವ ಮೊದಲೇ ಸಾಲ ಕೊಡಿಸಿ ಅಂಗಡಿ ಹಾಕಿಸುವುದರಿಂದ ಪ್ರಯೋಜನ ಕಾಣದು.

ಇದನ್ನೆಲ್ಲ ನಡೆಸಲು ವಾಣಿಜ್ಯೋದ್ಯಮ ಸಂಸ್ಥೆಗೆ ಹೊಸ ನಿಧಿ ಬೇಕಿಲ್ಲ. ಸದಸ್ಯರಲ್ಲಿ ಐದಾರು ಮಂದಿ ಒಬ್ಬೊಬ್ಬ ಹುಡುಗನಿಗೆ ಒಂದು ವರ್ಷದ ಸ್ಥಾನ ಕೊಡಲು ಮುಂದೆ ಬರಬೇಕು. ಸಂಸ್ಥೆಯ ಕಾರ್ಯದರ್ಶಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು, ಯಾವ ಯಾವ ಕಸುಬಿನ ಸ್ಥಾನಗಳಿವೆ, ಕೆಲಸದ ವೇಳೆ ಎಷ್ಟು, ಶಿಷ್ಯವೇತನ ಎಷ್ಟು ಎಂಬ ಪಟ್ಟಿಯನ್ನು ಕೊಡಬೇಕು. ಸದಸ್ಯರ ಹೆಸರುಗಳು ಆ ಹಂತದಲ್ಲಿ ಬೇಕಾಗಿಲ್ಲ. ಹುಡುಗನನ್ನು ಆರಿಸುವ ಮೊದಲು ಯಜಮಾನ, ಪರಿವೀಕ್ಷಣಾಧಿಕಾರಿ, ಹುಡುಗನ ತಂದೆತಾಯಿಗಳಲ್ಲಿ ಒಬ್ಬರು ಮೂವರೂ ಒಮ್ಮೆ ಎದುರುಬದುರು ಕುಳಿತು ಮಾತನಾಡಬೇಕು. ಶಿಷ್ಯವೇತನ ಹುಡುಗನ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. ತಂದೆಯ ಕೈಗೆ ಕೊಟ್ಟರೆ ಕುಡಿತದ ಅಂಗಡಿಗೆ ಹೋಗುವ ಮನೆಗಳೂ ಇವೆ. ತಿಂಗಳಿಗೊಮ್ಮೆ ಯಜಮಾನನು ಒಂದು ಪುಟದ ಟಿಪ್ಪಣಿ ಬರೆದರೆ ಸಾಕು: ಎಷ್ಟು ದಿನ ಬಂದನು, ಏನು ಕಲಿತನು, ಏನು ತೊಂದರೆಯಾಯಿತು. 1847ರಲ್ಲಿ ಬೂಟಿನ ವ್ಯಾಪಾರಿಯೊಬ್ಬರು ಹತ್ತೊಂಬತ್ತು ಹುಡುಗರಿಗಾಗಿ ಒಬ್ಬರೇ ಒಪ್ಪಿಸುತ್ತಿದ್ದ ವರದಿಯೂ ಬಹುಶಃ ಇಷ್ಟೇ ಇದ್ದಿರಬೇಕು.

ಬರುವ ವಾರ್ಷಿಕ ಸಭೆಗಳಲ್ಲಿ ಸಿ.ಸಿ. ಕ್ಯಾಮೆರಾ ಅಳವಡಿಕೆ, ರಾತ್ರಿ ಗಸ್ತು ಹೆಚ್ಚಿಸುವಂತೆ ಪೊಲೀಸ್ ಇಲಾಖೆಗೆ ಮನವಿ ಮುಂತಾದ ವಿಷಯಗಳು ಎಂದಿನಂತೆ ಚರ್ಚೆಗೆ ಬರಲಿವೆ. ಅವುಗಳ ನಂತರದ ವಿಷಯವಾಗಿ ಐದಾರು ಸ್ಥಾನಗಳ ಈ ಪಟ್ಟಿಯನ್ನೂ ಸೇರಿಸಿಕೊಳ್ಳಲು ಕಾರ್ಯಕಾರಿ ಸಮಿತಿಗಳಿಗೆ ಯಾವ ನಿಯಮವೂ ಅಡ್ಡಬರುವುದಿಲ್ಲ.